ಆ ಎಚ್ಚರಿಕೆ ಆಂಟಿವೈರಸ್‌ನದೇ?

ಪ್ರಶ್ನೆ: ಅಡಿಕೆ ತೋಟದ ಲೆಕ್ಕ ಬರೆದಿಡುವ ನಮ್ಮ ಲ್ಯಾಪ್‌ಟಾಪ್‌ನ ಬಲಮೂಲೆಯಲ್ಲಿ ‘ಆಂಟಿವೈರಸ್ ಅವಧಿ ಮುಗಿದಿದೆ, ಕೂಡಲೇ ಅಪ್‌ಡೇಟ್ ಮಾಡಿ’ ಎಂಬ ಸೂಚನೆ ದಿನಕ್ಕೆ ಹತ್ತಾರು ಬಾರಿ ಬರುತ್ತಿದೆ. ಇದನ್ನು ನಂಬಬಹುದೇ?
– ಬೆಳೆಗಾರರೊಬ್ಬರು, ತೀರ್ಥಹಳ್ಳಿ

ಉತ್ತರ: ಸೂಚನೆಯ ಮೇಲೆ ಕ್ಲಿಕ್ ಮಾಡದೆ, ಮೊದಲು ಅದರಲ್ಲಿರುವ ಸಣ್ಣ ಅಕ್ಷರಗಳನ್ನು ಓದಿ. ಅಲ್ಲಿ ಕ್ರೋಮ್ ಅಥವಾ ಎಡ್ಜ್ ಹೆಸರಿನ ಜೊತೆಗೆ ನೀವು ಕೇಳರಿಯದ ಜಾಲತಾಣವೊಂದರ ವಿಳಾಸವಿದ್ದರೆ, ಅದನ್ನು ಕಳುಹಿಸುತ್ತಿರುವುದು ಆಂಟಿವೈರಸ್ ಅಲ್ಲ. ಹಿಂದೊಮ್ಮೆ, ಬಹುಶಃ ಅಡಿಕೆ ಧಾರಣೆ ನೋಡುವ ಅವಸರದಲ್ಲಿ, ‘ಅಲೋ’ ಗುಂಡಿಯನ್ನೊತ್ತಿ ನೀವೇ ಅನುಮತಿ ಕೊಟ್ಟ ತಾಣ. ಬ್ರೌಸರ್‌ನ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ಸ್ ವಿಭಾಗವನ್ನು ತೆರೆದು ಆ ತಾಣವನ್ನು ತೆಗೆದುಹಾಕಿದರೆ ಅದರ ಕಾಟ ನಿಲ್ಲುತ್ತದೆ.

ಹಾಗೆಂದು ಎಲ್ಲ ಸೂಚನೆಗಳೂ ಸುಳ್ಳಲ್ಲ. ಮಳೆಗಾಲದಲ್ಲಿ ವಾರಗಟ್ಟಲೆ ಇಂಟರ್ನೆಟ್ ಇಲ್ಲದಿದ್ದರೆ (ನಮ್ಮ ಮಲೆನಾಡಿಗೆ ಇದು ಹೊಸತೇನಲ್ಲ) ವೈರಸ್‌ಗಳನ್ನು ಗುರುತಿಸುವ ಪಟ್ಟಿ ಹಳತಾಗಿ ನಿಜವಾದ ಎಚ್ಚರಿಕೆಯೂ ಬರಬಹುದು. ಆದ್ದರಿಂದ ಸ್ಟಾರ್ಟ್ ಮೆನುವಿನಿಂದ ಆಂಟಿವೈರಸ್ಸನ್ನು ನೀವೇ ತೆರೆದು, ಕೊನೆಯ ಅಪ್‌ಡೇಟ್‌ನ ದಿನಾಂಕವನ್ನೂ ಚಂದಾ ಅವಧಿಯನ್ನೂ ನೋಡಿ. ಬೇರೆ ಆಂಟಿವೈರಸ್ ಹಾಕಿಸಿಲ್ಲದಿದ್ದರೆ, ವಿಂಡೋಸ್ 10 ಮತ್ತು 11ರ ಜೊತೆಗೇ ಬರುವ ಡಿಫೆಂಡರ್ ಕೆಲಸ ಮಾಡುತ್ತಿರುತ್ತದೆ. ಅದಕ್ಕೆ ನವೀಕರಣ ಶುಲ್ಕವೇ ಇಲ್ಲ.

ಪರದೆ ತುಂಬ ಎಚ್ಚರಿಕೆ ಮೂಡಿ ಫೋನ್ ನಂಬರೊಂದು ಕಾಣಿಸಿದರೆ ಅದು ಮೋಸವೆಂದೇ ತಿಳಿಯಿರಿ, ಏಕೆಂದರೆ ಮೈಕ್ರೋಸಾಫ್ಟ್‌ನ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದಿಲ್ಲ. ಈಗಾಗಲೇ ಹಣ ಕಟ್ಟಿದ್ದರೆ ತಡಮಾಡದೆ ಬ್ಯಾಂಕಿಗೆ ತಿಳಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.