ಜಿಎಚ್ ಇರುವ ದಾರಿ, ಜಿಎಚ್ ಇಲ್ಲದ ಬಾಗಿಲು

ಓದುಗರ ಪತ್ರ: ಒಬ್ಬರು ಸನ್ನಡತೆಯ ದಾರಿ ಬಿಡಲಿಲ್ಲ ಎನ್ನಲು ಇಂಗ್ಲಿಷಿನಲ್ಲಿ ‘ಹೀ ಕೆಪ್ಟ್ ಇನ್ ದ ಸ್ಟ್ರೇಟ್ ಅಂಡ್ ನ್ಯಾರೋ’ ಎಂದು ಬರೆದಿದ್ದೆ. ‘ಸ್ಟ್ರೇಟ್’ನಲ್ಲಿ (straight) ಜಿಎಚ್ (gh) ಅಕ್ಷರಗಳು ಇರಬಾರದು, strait ಎಂದಿರಬೇಕು ಎಂದು ಗೆಳೆಯರು ತಿದ್ದಿದರು. ಯಾವುದು ಸರಿ?

ಸಂಪಾದಕರ ಉತ್ತರ: ಎರಡೇ ಅಕ್ಷರಕ್ಕಾಗಿ ಪತ್ರ ಬರೆದಿರಲ್ಲ, ಬಹಳ ಸಂತೋಷ. ಗೆಳೆಯರ ಮಾತಿನಲ್ಲಿ ಹುರುಳಿದೆ. 1611ರ ಇಂಗ್ಲಿಷ್ ಬೈಬಲ್ಲಿನ ಮತ್ತಾಯನ ಸುವಾರ್ತೆಯಲ್ಲಿ, ಏಳನೇ ಅಧ್ಯಾಯದಲ್ಲಿ, ಜೀವಕ್ಕೆ ಹೋಗುವ ಬಾಗಿಲು ‘ಸ್ಟ್ರೇಟ್’, ದಾರಿ ‘ನ್ಯಾರೋ’. ಅಲ್ಲಿ ಜಿಎಚ್ ಇಲ್ಲ, ಅರ್ಥ ಇಕ್ಕಟ್ಟು. ಜಲಸಂಧಿಗೆ ಇಂಗ್ಲಿಷಿನಲ್ಲಿರುವುದೂ ಅದೇ ಪದ.

ಆದರೂ ನಾನು ನಿಮ್ಮ ಪಕ್ಷ. ‘ಇಕ್ಕಟ್ಟು’ ಎಂಬ ಅರ್ಥದ ಆ ಪದ ಬಳಕೆಯಲ್ಲಿ ಸವೆದಂತೆ ಜನ ಆ ಜಾಗದಲ್ಲಿ ‘ನೆಟ್ಟಗೆ’ ಎಂಬ ಅರ್ಥದ, ಜಿಎಚ್ ಇರುವ ಪದವನ್ನು ಕೇಳಿಸಿಕೊಂಡರು. ಇಂದಿನ ನಿಘಂಟುಗಳು ಜಿಎಚ್ ಇರುವ ರೂಪವನ್ನೇ ಕೊಡುತ್ತವೆ. ಅದನ್ನು ತಪ್ಪೆನ್ನುವುದು ಹಟ. ಹಳೆಯ ರೂಪ ಗಟ್ಟಿಯಾಗಿ ಉಳಿದಿರುವುದು ಬೇರೆ ಕಡೆ: ಸಂಕಷ್ಟವನ್ನು ಹೇಳುವ ‘ಡೈರ್ ಸ್ಟ್ರೇಟ್ಸ್’, ತೋಳುಗಳನ್ನು ಬಿಗಿಯುವ ಅಂಗಿ ‘ಸ್ಟ್ರೇಟ್‌ಜಾಕೆಟ್’. ‘ಡೈರ್ ಸ್ಟ್ರೇಟ್ಸ್’ಗೆ ಜಿಎಚ್ ಸೇರಿಸಿದರೆ ಮಾತ್ರ ಕ್ಷಮೆಯಿಲ್ಲ.

ನನ್ನ ನಿಜವಾದ ಸಂಕಟ ಇನ್ನೊಂದು. ನುಡಿಗಟ್ಟನ್ನು ಕಿವಿಯಿಂದ ಎತ್ತಿಕೊಂಡು, ಅದರೊಳಗಿನ ಚಿತ್ರ ನೋಡದೆ ಬರೆದುಬಿಡುತ್ತೇವೆ. ‘ಟೋ ದ ಲೈನ್’ (toe the line) ಎಂದರೆ ಗೆರೆಗೆ ಕಾಲ್ಬೆರಳು ತಾಗಿಸಿ ನಿಲ್ಲುವುದು. ಅದನ್ನು ಹಗ್ಗ ಕಟ್ಟಿ ಎಳೆಯುವ ‘ಟೋ’ (tow) ಮಾಡುತ್ತಾರೆ. ಗುರಿಯತ್ತ ಸಾಗುವುದು ‘ಹೋಮ್ ಇನ್ ಆನ್’, ಗೂಡಿಗೆ ಮರಳುವ ಪಾರಿವಾಳದಂತೆ. ಅದನ್ನು ‘ಹೋನ್’ ಎಂದು ಬರೆಯುತ್ತಾರೆ, ‘ಹೋನ್’ ಎಂದರೆ ಕತ್ತಿ ಮಸೆಯುವುದು. ‘ಆ್ಯಸ್ ದ ಕ್ರೋ ಫ್ಲೈಸ್’ ಕಾಗೆ ಹಾರುವ ನೇರ ದೂರ. ಬಸ್ಸು ಸುತ್ತಿ ಹೋಗುವ ಕಿಲೋಮೀಟರುಗಳಿಗೆ ಅದನ್ನು ಅಂಟಿಸಬಾರದು. ‘ವೆಂಡ್’ (wend) ಅಂತೂ ನೇರ ನಡಿಗೆಯೇ ಅಲ್ಲ, ಸುತ್ತಿ ಬಳಸಿ ನಿಧಾನ ಸಾಗುವುದು. ಇಂದು ‘ಗೋ’ದ ಭೂತಕಾಲವಾಗಿರುವ ‘ವೆಂಟ್’ (went) ಮೂಲದಲ್ಲಿ ಅದರದೇ ಭೂತಕಾಲ. ಇಂಥ ತಪ್ಪುಗಳಿಗೆ ಕಂಪ್ಯೂಟರಿನ ಕಾಗುಣಿತ ಪರೀಕ್ಷೆ ಹೆಚ್ಚಾಗಿ ಸುಮ್ಮನಿರುತ್ತದೆ, ಏಕೆಂದರೆ ಬಿಡಿಬಿಡಿಯಾಗಿ ಎಲ್ಲ ಪದಗಳೂ ಸರಿಯೇ. ಅದು ಸುಮ್ಮನಿದ್ದರೆ ಬರಹ ತಿದ್ದಿಯಾಯಿತು ಎಂದುಕೊಳ್ಳುವವರೇ ಹೆಚ್ಚು.

ಇನ್ನು ನಿಮ್ಮ ವಾಕ್ಯ. ಜಿಎಚ್ ಬಗ್ಗೆ ಇಷ್ಟು ತಲೆಕೆಡಿಸಿಕೊಂಡ ನೀವು ‘ಇನ್’ ಕಡೆ ನೋಡಲೇ ಇಲ್ಲ. ಈ ನುಡಿಗಟ್ಟಿನಲ್ಲಿ ‘ಕೀಪ್’ ಜತೆಗೆ ಸಾಮಾನ್ಯವಾಗಿ ಬರುವುದು ‘ಟು’. ದಾರಿ ತಪ್ಪಿದ್ದನ್ನು ಹೇಳುವಾಗ ‘ಸ್ಟ್ರೇ ಫ್ರಮ್’. ಕೊನೆಗೆ ‘ಪಾತ್’ ಸೇರಿಸದೆ ಬಿಟ್ಟಿದ್ದೀರಿ, ಅದು ಸರಿ. ಜಿಎಚ್ ಅಲ್ಲೇ ಇರಲಿ, ‘ಇನ್’ ತೆಗೆದು ‘ಟು’ ಹಾಕಿ.