ಬ್ಯಾಕಪ್‌ನಿಂದ ತುಂಬಿದ ಡೇಟಾ ಪೂರ್ತಿ ಬಂದಿದೆಯೇ?

ಪ್ರಶ್ನೆ: ನಮ್ಮದು ಕುಂಬಳೆ ಸಮೀಪದ ಗ್ರಂಥಾಲಯ. ಕನ್ನಡ, ಮಲಯಾಳ ಪುಸ್ತಕಗಳ ಪಟ್ಟಿ, ಸದಸ್ಯರ ವಿವರ, ಎರವಲು ಲೆಕ್ಕ ಎಲ್ಲ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿದೆ. ಹಳೇ ಕಂಪ್ಯೂಟರ್ ನಿಧಾನವಾಯಿತೆಂದು ಬ್ಯಾಕಪ್ ಫೈಲನ್ನು ಹೊಸದಕ್ಕೆ ತುಂಬಿದೆವು. ಡೇಟಾಬೇಸನ್ನು ಬ್ರೌಸರಿನಲ್ಲಿ ನೋಡಲು ಬಳಸುವ ಪಿಎಚ್‌ಪಿಮೈಅಡ್ಮಿನ್ ತೋರಿಸುವ ಸಾಲುಗಳ ಸಂಖ್ಯೆ ಹಳೆಯದಕ್ಕೆ ಹೊಂದುತ್ತಿಲ್ಲ. ಡೇಟಾ ತಪ್ಪಿಹೋಗಿದೆಯೇ?
– ಓದುಗರೊಬ್ಬರು, ಕಾಸರಗೋಡು ಜಿಲ್ಲೆ

ಉತ್ತರ: ಆ ಸಂಖ್ಯೆ ನೋಡಿ ಗಾಬರಿಯಾಗಬೇಡಿ. ಇನ್ನೊಡಿಬಿ (ಮೈಎಸ್‌ಕ್ಯೂಎಲ್ ಡೇಟಾ ಇಡುವ ಒಂದು ವಿಧಾನ) ಟೇಬಲಿನ ಎದುರು ಅಲ್ಲಿ ಕಾಣುವುದು ಅನೇಕ ಸಲ ಅಂದಾಜು ಮಾತ್ರ. ಎರಡೂ ಕಂಪ್ಯೂಟರಿನಲ್ಲಿ ಪ್ರತಿ ಟೇಬಲಿಗೂ ‘ಸೆಲೆಕ್ಟ್ ಕೌಂಟ್(*)’ ಆದೇಶ ಕೊಟ್ಟು ಸಾಲುಗಳನ್ನು ಎಣಿಸಿ. ಬ್ಯಾಕಪ್ ತೆಗೆದ ಮೇಲೂ ಹಳೆಯದರಲ್ಲಿ ಎರವಲು ಬರೆದಿದ್ದರೆ ಅಷ್ಟು ವ್ಯತ್ಯಾಸ ಇದ್ದೇ ಇರುತ್ತದೆ.

ಅದಕ್ಕೂ ಮೊದಲು ಬ್ಯಾಕಪ್ ಫೈಲಿನ ಕೊನೆ ನೋಡಿ. ಬ್ಯಾಕಪ್ (ಡಂಪ್) ತೆಗೆಯುವ ಮೈಎಸ್‌ಕ್ಯೂಎಲ್‌ಡಂಪ್ ಸಾಧನದಿಂದ ತೆಗೆದದ್ದಾದರೆ ಕೊನೆಯ ಸಾಲಿನಲ್ಲಿ ಸಾಮಾನ್ಯವಾಗಿ ‘ಡಂಪ್ ಕಂಪ್ಲೀಟೆಡ್’ ಎಂದಿರುತ್ತದೆ. ಇಲ್ಲದಿದ್ದರೆ ಡಿಸ್ಕ್ ತುಂಬಿಯೋ ಕರೆಂಟು ಹೋಗಿಯೋ ಫೈಲೇ ಅರ್ಧಕ್ಕೆ ನಿಂತಿರಬಹುದು. ಹಳೆಯದರಿಂದ ಮತ್ತೊಮ್ಮೆ ತೆಗೆಯಿರಿ. ಫೈಲು ಸರಿಯಿದ್ದೂ ಬ್ರೌಸರ್ ಮೂಲಕ ತುಂಬುವಾಗ ಸಮಯದ ಮಿತಿ ಮೀರಿ ನಡುವೆ ನಿಲ್ಲುವುದುಂಟು. ಟೇಬಲುಗಳು ಅಕ್ಷರಮಾಲೆಯ ಕ್ರಮದಲ್ಲಿ ಬರುವುದರಿಂದ ಪಟ್ಟಿಯ ಕೊನೆಯವನ್ನು ಮೊದಲು ನೋಡಿ. ದೊಡ್ಡ ಫೈಲಾದರೆ ಬ್ರೌಸರ್ ಬಿಟ್ಟು, ಆದೇಶ ಟೈಪ್ ಮಾಡುವ ಕಮಾಂಡ್ ಲೈನಿನಿಂದಲೇ ತುಂಬಿ.

ಎಣಿಕೆ ತಾಳೆಯಾದರೂ ನಿಮ್ಮಂಥ ಎರಡು ಲಿಪಿಯ ಗ್ರಂಥಾಲಯಕ್ಕೆ ಅಷ್ಟು ಸಾಲದು. ಕ್ಯಾರೆಕ್ಟರ್ ಸೆಟ್ (ಅಕ್ಷರಗಳನ್ನು ಸಂಕೇತವಾಗಿ ಉಳಿಸುವ ಪದ್ಧತಿ) ತಪ್ಪಿದರೆ ಸಾಲು ಉಳಿಯುತ್ತದೆ, ಹೆಸರು ಮಾತ್ರ ‘????’ ಆಗಿರುತ್ತದೆ. ಶೀರ್ಷಿಕೆ ಲೈಕ್ '%??%' ಎಂದು ಹುಡುಕಿ. ಅಕ್ಷರಗಳ ಒಳಸಂಕೇತ ತೋರಿಸುವ ಹೆಕ್ಸ್ ಹಾಕಿ ನೋಡಿದರೆ ಕನ್ನಡ ಶೀರ್ಷಿಕೆ ಇ0ಬಿ2, ಮಲಯಾಳದ್ದು ಇ0ಬಿ4 ಎಂದು ಶುರುವಾಗಬೇಕು. 3ಎಫ್ ಕಂಡರೆ ಅದು ಬರೀ ಪ್ರಶ್ನೆಚಿಹ್ನೆ. ಬ್ಯಾಕಪ್ ಫೈಲಿನೊಳಗೂ ಹಾಗೇ ಇದ್ದರೆ ಆ ಫೈಲಿನಿಂದ ಅಕ್ಷರ ಮರಳದು. ಫೈಲಿನಲ್ಲಿ ಸರಿಯಿದ್ದರೆ ಕ್ಯಾರೆಕ್ಟರ್ ಸೆಟ್ ಯುಟಿಎಫ್8ಎಂಬಿ4 ಇಟ್ಟು ಮತ್ತೆ ತುಂಬಿ. ಶೀರ್ಷಿಕೆಗಳ ಲೆಂತ್ (ಉದ್ದ) ಮೊತ್ತವನ್ನೂ ಎರಡು ಕಡೆ ಹೋಲಿಸಿ, ಕತ್ತರಿಸಿಹೋದ ಹೆಸರುಗಳು ಸಿಕ್ಕಿಬೀಳುತ್ತವೆ.

ಡಂಪ್ ತುಂಬುವಾಗ ಫಾರಿನ್ ಕೀ ಪರೀಕ್ಷೆ (ಒಂದು ಟೇಬಲಿನ ಸಾಲಿಗೆ ಇನ್ನೊಂದರಲ್ಲಿ ಜೋಡಿ ಇದೆಯೇ ಎಂಬ ತಪಾಸಣೆ) ಬಂದ್ ಆಗಿರುತ್ತದೆ. ಆದ್ದರಿಂದ ಸದಸ್ಯರಿಲ್ಲದ ಎರವಲು ಸಾಲುಗಳು ತಕರಾರಿಲ್ಲದೆ ಒಳಬಂದಿರಬಹುದು; ಎರವಲಿನಿಂದ ಸದಸ್ಯರಿಗೆ ಲೆಫ್ಟ್ ಜಾಯಿನ್ (ಎರಡು ಟೇಬಲು ಜೋಡಿಸುವ ಆದೇಶ) ಹಾಕಿ, ಸದಸ್ಯರ ಭಾಗ ಖಾಲಿ ಬಂದವನ್ನು ಹೆಕ್ಕಿ. ಮೈಎಸ್‌ಕ್ಯೂಎಲ್‌ಡಂಪ್‌ನ ಫೈಲಿನಲ್ಲಿ ಟ್ರಿಗರ್‌ಗಳು (ಡೇಟಾ ಬದಲಾದಾಗ ತಾವೇ ಓಡುವ ಆದೇಶಗಳು) ತಾವಾಗಿ ಬರುತ್ತವೆ, ಸ್ಟೋರ್ಡ್ ಪ್ರೊಸೀಜರ್ (ಉಳಿಸಿಟ್ಟ ಆದೇಶಗಳ ಗುಂಪು) ಮತ್ತು ಈವೆಂಟ್‌ಗಳು (ನಿಗದಿತ ವೇಳೆಗೆ ಓಡುವ ಆದೇಶಗಳು) ತೆಗೆಯುವಾಗ ಕೇಳಿದರೆ ಮಾತ್ರ. ತಡವಾದ ಪುಸ್ತಕದ ದಂಡ ಈವೆಂಟಿನಿಂದ ಲೆಕ್ಕವಾಗುತ್ತಿದ್ದರೆ ಅದು ಸದ್ದಿಲ್ಲದೆ ನಿಂತಿರುತ್ತದೆ.

ಟೇಬಲಿನ ಡೇಟಾದಿಂದ ತಾಳೆ ನೋಡುವ ಸಂಖ್ಯೆ ಕೊಡುವ ಚೆಕ್‌ಸಮ್ ಟೇಬಲ್ ಆದೇಶವನ್ನು ಎರಡೂ ಕಡೆ ಮೈಎಸ್‌ಕ್ಯೂಎಲ್‌ನ ಒಂದೇ ಆವೃತ್ತಿಯಿದ್ದಾಗ ಬಳಸಿ. ಆವೃತ್ತಿ ಬೇರೆಯಾದರೆ ಡೇಟಾ ಸರಿಯಿದ್ದೂ ಸಂಖ್ಯೆ ಬೇರೆ ಬರಬಹುದು.