ರಾಯಚೂರು ಭಾಗದಲ್ಲಿ ಹಳೆಯ ಸರ್ಕಾರಿ ಬಸ್ಸುಗಳ ಫೋಟೊ ತೆಗೆಯುವಾಗ ಏನನ್ನು ಗಮನಿಸಬೇಕು?

ಮೊದಲು ನೋಂದಣಿ ಫಲಕವನ್ನು ಓದಲು ಕಲಿಯಬೇಕು. ಕೆಎ-34 ಬಳ್ಳಾರಿ, ಕೆಎ-36 ರಾಯಚೂರು, ಕೆಎ-37 ಕೊಪ್ಪಳ. ನಂತರದ ‘ಎಫ್’ ಅಕ್ಷರ ಸಾರಿಗೆ ಸಂಸ್ಥೆಯ ಬಸ್ಸಿನ ಗುರುತು. ಆದರೆ ಬಸ್ಸು ಒಂದು ಘಟಕದಿಂದ ಇನ್ನೊಂದಕ್ಕೆ ವರ್ಗವಾಗುವುದರಿಂದ, ಈಗಿನ ಘಟಕ ಯಾವುದೆಂಬುದನ್ನು ಮೈಮೇಲಿನ ಬರಹದಿಂದಲೇ ತಿಳಿಯಬೇಕು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದು ಸಂಸ್ಥೆಯ ಹೆಸರು ಬರೆದಿರುವ, ಬಸ್ಸಿನ ಪಕ್ಕದ ತಗಡು. 2000ದಲ್ಲಿ ಆರಂಭವಾದ ಈಶಾನ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಗೆ 2021ರಲ್ಲಿ ‘ಕಲ್ಯಾಣ ಕರ್ನಾಟಕ’ ಎಂಬ ಹೆಸರು ಬಂದಿತು. ಹಳೆಯ ಹೆಸರಿನ ಮೇಲೆ ಬಣ್ಣ ಬಳಿದಿದ್ದರೂ, ಬೆಳಗಿನ ಓರೆ ಬಿಸಿಲಿನಲ್ಲಿ ನಿಂತು ನೋಡಿದರೆ ಅಡಿಯ ಅಕ್ಷರಗಳ ಅಂಚು ಕೆಲವೊಮ್ಮೆ ಉಬ್ಬಿ ಕಾಣುತ್ತದೆ. ಮಧ್ಯಾಹ್ನದ ನೆತ್ತಿಯ ಬಿಸಿಲಿನಲ್ಲಿ ಅದು ಮಾಯವಾಗುತ್ತದೆ. ರಾಯಚೂರಿನ ಬೇಸಿಗೆಯಲ್ಲಿ ಆ ಹೊತ್ತಿಗೆ ಛಾಯಾಗ್ರಾಹಕನೂ ನೆರಳು ಹುಡುಕುವುದು ಲೇಸು.

ತಡಮಾಡದಿರುವುದಕ್ಕೆ ಕಾರಣವಿದೆ. 15 ವರ್ಷ ದಾಟಿದ ಸರ್ಕಾರಿ ವಾಹನಗಳನ್ನು, ಸಾರಿಗೆ ನಿಗಮಗಳ ಬಸ್ಸುಗಳನ್ನೂ ಸೇರಿಸಿ, ಗುಜರಿಗೆ ಹಾಕಬೇಕೆಂಬ ಕೇಂದ್ರದ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ.

ಫೋಟೊ ಸಾಲದೆಂದು ಇಡೀ ಬಸ್ಸನ್ನೇ ಉಳಿಸಿಕೊಳ್ಳುವುದು ಜಾಗ, ಹಣ, ಕಾಗದಪತ್ರ ಮೂರನ್ನೂ ಬೇಡುವ ಕೆಲಸ. ಮಾರ್ಗಫಲಕ, ಹಳೆಯ ಟಿಕೆಟ್, ಟಿಕೆಟ್ ರಂಧ್ರ ಮಾಡುವ ಇಕ್ಕಳ ಇವುಗಳನ್ನು ಕ್ರಮಬದ್ಧವಾಗಿ ಕೊಂಡು, ದಿನಾಂಕ, ಊರು, ಮಾರ್ಗ ಬರೆದಿಟ್ಟರೆ ಸಾಕು. ಕೊಪ್ಪಳ, ರಾಯಚೂರುಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು, ಬಳ್ಳಾರಿ 1953ರವರೆಗೆ ಮದ್ರಾಸ್ ರಾಜ್ಯದಲ್ಲಿತ್ತು. ಹಾಗಾಗಿ ಅಜ್ಜನ ಪೆಟ್ಟಿಗೆಯಲ್ಲಿ ಸಿಗುವ ಟಿಕೆಟ್ ಕನ್ನಡದಲ್ಲೇ ಇರಬೇಕೆಂದಿಲ್ಲ.